ನಡೆಯದ ದಿನದ ಊಟ

ಶಿವಮೊಗ್ಗದಲ್ಲಿ ಮಳೆ ಹಿಡಿದ ಮೇಲೆ ನನ್ನ ಆಪ್ತಸಲಹೆಯ ಕೋಣೆಗೆ ಒಂದು ಬಗೆಯ ಜನ ಹೆಚ್ಚಾಗಿ ಬರುತ್ತಾರೆ. ಬೇಸಿಗೆಯಿಡೀ ಬೆಳಗ್ಗೆ ಐದೂವರೆಗೆ ಎದ್ದು ನೆಹರೂ ಕ್ರೀಡಾಂಗಣವನ್ನೋ ಹಳೆ ಜೈಲಿನ ಆವರಣದ ಫ್ರೀಡಂ ಪಾರ್ಕನ್ನೋ ಸುತ್ತುತ್ತಿದ್ದವರು. ಜುಲೈ ಹೊತ್ತಿಗೆ ಆ ನಡಿಗೆ ನಿಂತಿರುತ್ತದೆ. ನಿದ್ದೆ ಸರಿಯಿಲ್ಲ, ಮನೆಯವರ ಮೇಲೆ ರೇಗುತ್ತೇನೆ, ಕಚೇರಿಯಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದು ಮಾತು ಶುರುವಾಗುತ್ತದೆ. ಊಟದ ಸಂಗತಿ ಮಾತ್ರ ಮೂರನೆಯ ಭೇಟಿಯವರೆಗೂ ಹೊರಗೆ ಬರುವುದಿಲ್ಲ. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿರುವ ಈ ಪ್ರಕರಣ ಅಂಥದ್ದೇ. ಬರೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಇದರಲ್ಲಿ ನಾನು ಎರಡು ಭೇಟಿಗಳುದ್ದಕ್ಕೂ ತಪ್ಪು ಜಾಗವನ್ನು ಅಗೆಯುತ್ತಿದ್ದೆ.

ಅವರನ್ನು ಶೇಷಪ್ಪ ಎನ್ನೋಣ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ, ಶಿವಮೊಗ್ಗದಲ್ಲಿ ಮೇಜಿನ ಕೆಲಸ, ವಯಸ್ಸು 52, ಆರು ವರ್ಷದಿಂದ ಸಕ್ಕರೆ ಕಾಯಿಲೆ. ತೋಟವನ್ನು ತಮ್ಮ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಹೆಂಡತಿ, ಕಾಲೇಜಿಗೆ ಹೋಗುವ ಮಗಳು.

ಮೊದಲ ಎರಡು ಭೇಟಿಗಳನ್ನು ಮಸಾಲೆ ದೋಸೆ ನುಂಗಿತು. ಶೇಷಪ್ಪನವರ ನಡಿಗೆಯ ಬಳಗ ಪ್ರತಿದಿನ ಒಂದು ಹೋಟೆಲಿನ ಮುಂದೆ ಮುಗಿಯುತ್ತಿತ್ತು. ನಾನು ಪೆನ್ಸಿಲ್ ಹಿಡಿದು ಲೆಕ್ಕ ಹೇಳಿದೆ: 70 ಕಿಲೋ ತೂಕದವರು ಅರ್ಧ ಗಂಟೆ ಚುರುಕಾಗಿ ನಡೆದರೆ ಖರ್ಚಾಗುವುದು ಸುಮಾರು 120 ಕ್ಯಾಲೊರಿ, ಒಂದು ಗ್ರಾಂ ಜಿಡ್ಡಿನಲ್ಲಿ 9 ಕ್ಯಾಲೊರಿ, ಅಂದರೆ ಒಂದು ದೊಡ್ಡ ಚಮಚ ತುಪ್ಪಕ್ಕೇ ಆ ಅರ್ಧ ಗಂಟೆ ಸರಿಹೋಯಿತು. ಅವರು ಗುಮಾಸ್ತರ ಶಿಸ್ತಿನಲ್ಲಿ ಎಲ್ಲವನ್ನೂ ಬರೆದುಕೊಂಡು, "ಹಾಗಾದರೆ ಮೇಡಂ, ಒಂದು ದೋಸೆಗೆ ಎಷ್ಟು ಸುತ್ತು?" ಎಂದು ಕೇಳಿದರು. ನಾನು ನಕ್ಕು, ಸುತ್ತುಗಳನ್ನೂ ಲೆಕ್ಕ ಹಾಕಿ ಕೊಟ್ಟೆ. ಆ ಚೀಟಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಯಾವ ಖಾತೆ ಪುಸ್ತಕ ಅವರನ್ನು ತಿನ್ನುತ್ತಿತ್ತೋ ಅದಕ್ಕೆ ನಾನೇ ಹೊಸ ಹಾಳೆ ಸೇರಿಸಿದ್ದೆ.

ಮೂರನೆಯ ಸಲ ಹೆಂಡತಿಯೂ ಬಂದರು. ಹೊರಗೆ ಜೋರು ಮಳೆ. ಕೊಡೆಗಳನ್ನು ಬಾಗಿಲ ಹೊರಗೆ ಬಿಡಿಸಿಟ್ಟು ಬಂದು ಕೂತರು. ಶೇಷಪ್ಪನವರು ಎಂಟು ದಿನದಿಂದ ನಡೆದಿಲ್ಲ ಎಂದು ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದರು. ಅವರ ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನನ್ನು ನೋಡಿ ಹೇಳಿದರು:

"ನಡೆಯದ ದಿನ ಇವರ ಬುತ್ತಿ ಹಾಗೆಯೇ ವಾಪಸ್ಸು ಬರುತ್ತದೆ ಮೇಡಂ. ರಾತ್ರಿ ಹನ್ನೊಂದಕ್ಕೆ ಅಡುಗೆ ಮನೆಯಲ್ಲಿ ಡಬ್ಬಿಯ ಸದ್ದು. ಹಲಸಿನ ಹಪ್ಪಳ, ಜೋನಿಬೆಲ್ಲ, ಸಿಕ್ಕಿದ್ದು. ದೀಪ ಹಾಕುವುದಿಲ್ಲ. ತಟ್ಟೆ ತೆಗೆದುಕೊಳ್ಳುವುದಿಲ್ಲ. ನಿಂತುಕೊಂಡೇ ತಿನ್ನುತ್ತಾರೆ. ಕೂತರೆ ಲೆಕ್ಕಕ್ಕೆ ಬರುತ್ತದೆ ಎನ್ನುವ ಹಾಗೆ."

ಶೇಷಪ್ಪನವರ ಕಿವಿ ಕೆಂಪಾಯಿತು. ನಾನು ದೋಸೆಯನ್ನು ಪಕ್ಕಕ್ಕಿಟ್ಟು ಕೇಳಿದೆ: "ನಿಮ್ಮ ಊರ ಮನೆಯಲ್ಲಿ ನಿಂತು ತಿನ್ನುವವರು ಯಾರಾದರೂ ಇದ್ದರೇ?"

"ಯಾರೂ ಇಲ್ಲ" ಎಂದರು. ಕೊಡೆಯಿಂದ ಇಳಿದ ನೀರು ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು, ಅದನ್ನೇ ನೋಡುತ್ತಿದ್ದರು. ಆಮೇಲೆ, "ನಾನೇ" ಎಂದರು.

ಅವರ ಅಪ್ಪಯ್ಯ ಕೆಟ್ಟವರಲ್ಲ. ಮಧ್ಯಾಹ್ನ ಎಲ್ಲರೂ ಎಲೆಯ ಮುಂದೆ ಕೂತ ಮೇಲೆ ಮಕ್ಕಳಿಗೆ ಒಂದು ಪ್ರಶ್ನೆ ಇರುತ್ತಿತ್ತು: "ಇವತ್ತು ಏನು ಮಾಡಿದಿರಿ?" ಉದುರಡಿಕೆ ಹೆಕ್ಕಿದೆ, ಕೊಟ್ಟಿಗೆಗೆ ಸೊಪ್ಪು ಹಾಸಿದೆ, ಅಡಿಕೆ ಹಾಳೆ ಹೊತ್ತು ತಂದೆ ಎಂದು ಒಬ್ಬೊಬ್ಬರೂ ಒಪ್ಪಿಸಬೇಕು. ಪರೀಕ್ಷೆ ಮುಗಿದ ರಜೆಯಲ್ಲಿ ಒಂದು ದಿನ ಶೇಷಪ್ಪ ಬೆಳಗಿನಿಂದ ಜಗಲಿಯಲ್ಲಿ ಮಲಗಿ ಕಾದಂಬರಿ ಓದಿದ್ದಾರೆ. ಊಟಕ್ಕೆ ಕೂತಾಗ ಅಪ್ಪಯ್ಯ ಬಡಿಸುತ್ತಿದ್ದ ಅವ್ವನಿಗೆ, "ಮಲಗಿ ಓದಿದವನಿಗೆ ಅರ್ಧ ಸೌಟು ಸಾಕು" ಎಂದರಂತೆ. ಆಳುಗಳೂ ನಕ್ಕರು, ತಮ್ಮನೂ ನಕ್ಕ. ಹುಡುಗ ಅರ್ಧ ಊಟಕ್ಕೇ ಎದ್ದ. ಸಂಜೆ ಅವ್ವ ಹಿತ್ತಿಲ ಬಾಗಿಲಿಗೆ ಕರೆದು, ಸೆರಗಿನ ಮರೆಯಲ್ಲಿ ತಂದ ಎರಡು ಕಡುಬು ಕೈಗಿಟ್ಟು, "ಬೇಗ ತಿನ್ನು, ಅಪ್ಪಯ್ಯ ಬರುತ್ತಾರೆ" ಎಂದರು. ನಿಂತಲ್ಲೇ ತಿಂದರು.

"ಈಗಲೂ ನಡೆಯದ ದಿನ ಬುತ್ತಿ ಬಿಚ್ಚಿದರೆ, ಯಾರೋ ಕೇಳಿದ ಹಾಗೆ ಆಗುತ್ತದೆ ಮೇಡಂ" ಎಂದರು ಶೇಷಪ್ಪ. ಅಪ್ಪಯ್ಯ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

ಇಂಥ ಕಥೆ ಸಿಕ್ಕ ಕೂಡಲೇ ನಮ್ಮ ವೃತ್ತಿಯವರಿಗೆ ಒಳಗೊಳಗೇ ಖುಷಿಯಾಗುತ್ತದೆ. ಬೀಗಕ್ಕೆ ಸರಿಯಾದ ಕೀಲಿ ಸಿಕ್ಕಿತು ಎನ್ನಿಸುತ್ತದೆ. ನನಗೆ ಆ ಖುಷಿಯ ಮೇಲೆ ನಂಬಿಕೆ ಕಡಿಮೆ. ಹಿತ್ತಿಲ ಬಾಗಿಲಲ್ಲಿ ಕಡುಬು ತಿಂದ ಮಕ್ಕಳೆಲ್ಲ ದೊಡ್ಡವರಾಗಿ ಕತ್ತಲೆಯಲ್ಲಿ ಹಪ್ಪಳ ತಿನ್ನುವುದಿಲ್ಲ. ಆ ಹೊತ್ತಿಗೆ ನನ್ನನ್ನು ಎಚ್ಚರಿಸಿದ್ದು ಬುತ್ತಿ. "ಊಟ ಬಿಟ್ಟ ದಿನ ಮಧ್ಯಾಹ್ನದ ಮೇಲೆ ಹೇಗಿರುತ್ತದೆ?" ಎಂದು ಕೇಳಿದೆ. ನಾಲ್ಕು ಗಂಟೆಗೆ ಬೆವರು, ಕೈ ನಡುಕ, ಕಣ್ಣು ಮಂಜು ಎಂದರು. "ವ್ಯಾಯಾಮ ಬಿಟ್ಟಿದ್ದಕ್ಕೆ ನಿಶ್ಶಕ್ತಿ" ಎಂದು ಅವರೇ ಕಾರಣವನ್ನೂ ಹುಡುಕಿಕೊಂಡಿದ್ದರು. ಬೆಳಗಿನ ಮಾತ್ರೆಯ ಹೆಸರು ಕೇಳಿದೆ: ಗ್ಲಿಮೆಪಿರೈಡ್. ದೇಹದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ ಅದು. ನುಂಗಿದ ಮೇಲೆ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಾತು ಅಲ್ಲಿಗೇ ನಿಲ್ಲಿಸಿ, ಅವರ ವೈದ್ಯರಿಗೆ ಫೋನ್ ಮಾಡಿಸಿ, ಅದೇ ಸಂಜೆ ಹೋಗುವಂತೆ ಹೇಳಿದೆ. ಎರಡು ಭೇಟಿಗಳಲ್ಲಿ ನಾನು ದೋಸೆಗೆ ಸುತ್ತು ಎಣಿಸುತ್ತಿದ್ದಾಗ ಈ ಮನುಷ್ಯ ಸ್ಕೂಟರ್ ಓಡಿಸಿಕೊಂಡು ಆ ನಡುಕದಲ್ಲೇ ಮನೆಗೆ ಹೋಗುತ್ತಿದ್ದರು.

ವೈದ್ಯರು ಔಷಧಿ ಬದಲಿಸಿದರು. ಅದಾದ ಮೇಲೆ ನಾನು ಕೊಟ್ಟ ಸಲಹೆ ಹೀಗಿತ್ತು. ಒಂದು ತಿಂಗಳು ತೂಕ ನೋಡುವುದು ಬೇಡ, ಹೆಜ್ಜೆ ಎಣಿಸುವ ಆ್ಯಪನ್ನು ಮೊಬೈಲಿನಿಂದ ತೆಗೆಯಿರಿ, ನಾನು ಬರೆದುಕೊಟ್ಟ ಚೀಟಿಯನ್ನು ಹರಿದು ಹಾಕಿ. ನಡೆದರೂ ನಡೆಯದಿದ್ದರೂ ಮಧ್ಯಾಹ್ನ ಒಂದರ ಸುಮಾರಿಗೆ ಕೂತು ಪೂರ್ತಿ ಊಟ ಮಾಡಬೇಕು. ರಾತ್ರಿ ಹಪ್ಪಳ ಬೇಕೆನಿಸಿದರೆ ತಿನ್ನಬಹುದು. ದೀಪ ಹಾಕಿ, ತಟ್ಟೆಯಲ್ಲಿಟ್ಟುಕೊಂಡು, ಕೂತು. ಜೋನಿಬೆಲ್ಲದ ಮಾತನ್ನು ವೈದ್ಯರಿಗೆ ಬಿಟ್ಟೆ, ಅವರು ಬೇಡವೆಂದರು. ನಡಿಗೆಯನ್ನು ಬೆಳಗಿನ ಬಳಗದಿಂದ ಬಿಡಿಸಿ ಊಟದ ನಂತರಕ್ಕೆ ತಂದೆವು: ಕಚೇರಿಯ ಉದ್ದ ವರಾಂಡದಲ್ಲಿ ಹತ್ತು ನಿಮಿಷ, ರಾತ್ರಿ ಊಟವಾದ ಮೇಲೆ ಮನೆಯೊಳಗೇ ಹತ್ತು ನಿಮಿಷ. ಮಳೆ ಅಡ್ಡಿಯಾಗದ ಜಾಗಗಳು. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಆದ್ದರಿಂದ ಉಂಡ ಮೇಲಿನ ಪುಟ್ಟ ನಡಿಗೆಗೂ ಬೆಲೆಯಿದೆ. ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ಚಟುವಟಿಕೆ ಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆ, ಒಂದೊಂದು ಸಲಕ್ಕೂ ಕನಿಷ್ಠ ಹತ್ತು ನಿಮಿಷವಾದರೂ ಇರಲೇಬೇಕೆಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಮಲೆನಾಡಿನವರು ಇದನ್ನು ಬಾಗಿಲ ಮೇಲೆ ಬರೆದಿಟ್ಟುಕೊಳ್ಳಬೇಕು.

ಆಹಾರತಜ್ಞೆಯಾಗಿರುವ ಗೆಳತಿಯೊಬ್ಬಳು ಇದನ್ನು ಕೇಳಿ ನನ್ನ ಮೇಲೆ ಹರಿಹಾಯ್ದಳು. "ಸಕ್ಕರೆ ಕಾಯಿಲೆಯವರಿಗೆ ದೋಸೆ ಬಿಡಿಸದೆ, ಇನ್ನೂ ಊಟ ಮಾಡಿ ಎಂದು ಹೇಳಿ ಕಳಿಸಿದೆಯಾ?" ಹೌದು, ಹಾಗೆಯೇ ಹೇಳಿದೆ. ತಟ್ಟೆಯಲ್ಲಿ ಏನಿರಬೇಕು ಎಂಬುದು ಅವಳ ಕ್ಷೇತ್ರ, ಎರಡನೆಯ ತಿಂಗಳು ಅವಳ ಬಳಿಗೇ ಕಳಿಸಿದೆ. ಆದರೆ ಊಟವೆಂದರೆ ಸಂಬಳ, ನಡಿಗೆಯೆಂದರೆ ದಂಡ ಎಂದು ನಂಬಿದವರ ಕೈಗೆ ಆಹಾರದ ಪಟ್ಟಿ ಕೊಟ್ಟರೆ ಅವರು ಅದನ್ನೂ ಖಾತೆ ಪುಸ್ತಕಕ್ಕೇ ಅಂಟಿಸುತ್ತಾರೆ. ನಡೆದ ದಿನ ದುಪ್ಪಟ್ಟು ಸಂಬಳ, ನಡೆಯದ ದಿನ ಉಪವಾಸ, ರಾತ್ರಿ ಕಳ್ಳತನ.

ಹಾಗೆಂದು ಅಪ್ಪಯ್ಯನ ಪ್ರಶ್ನೆಯನ್ನು ಅವರ ಕಾಲದಿಂದ ಕಿತ್ತು ನೋಡಬಾರದು. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ 65 ಕಿಲೋ ತೂಕದ ಗಂಡಸು ಕೂತು ಕೆಲಸ ಮಾಡುವವನಾದರೆ ದಿನಕ್ಕೆ 2110 ಕ್ಯಾಲೊರಿ, ಮೈ ಮುರಿದು ದುಡಿಯುವವನಾದರೆ 3470. ನಡುವಿನ ಅಂತರವೇ ಎರಡು ಹೊತ್ತಿನ ಊಟ. ಸೊಪ್ಪಿನ ಬೆಟ್ಟ ಹತ್ತಿಳಿಯುವ ಮನೆಯಲ್ಲಿ ಆ ಪ್ರಶ್ನೆಗೆ ಅರ್ಥವಿತ್ತು. ತೋಟ ಬಿಟ್ಟು ಪೇಟೆಗೆ ಬಂದ ನಾವು ದುಡಿಮೆಯನ್ನು ತಮ್ಮನಿಗೆ ಬಿಟ್ಟು ಬಡಿಸುವ ಸೌಟನ್ನು ಮಾತ್ರ ಜೊತೆಗೆ ತಂದೆವು. (ನನ್ನ ತವರಿನದೂ ಇದೇ ಕಥೆ, ನಮ್ಮ ಮನೆಯಲ್ಲಿ ಇವತ್ತಿಗೂ ನೆಂಟರಿಗೆ ಮೂರು ಸಲ ಒತ್ತಾಯ ಮಾಡದೆ ಬಿಡುವುದಿಲ್ಲ.)

ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ಕೆಲಸಗಾರರನ್ನು ಕುರಿತು ಪೋಷಣಾ ವಿಜ್ಞಾನಿ ಜಾಂ ಮೇಯರ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಶೇಷಪ್ಪನವರಿಗೆ ಹೇಳಿದ್ದೆ. ಹಗುರ ಕೆಲಸದವರಿಂದ ಭಾರಿ ಕೆಲಸದವರವರೆಗೆ ದುಡಿಮೆ ಹೆಚ್ಚಿದಂತೆ ಊಟವೂ ಹೆಚ್ಚಿತ್ತು, ತೂಕ ಮಾತ್ರ ಏರಿರಲಿಲ್ಲ. ದಿನವಿಡೀ ಕೂತಿರುವವರ ಗುಂಪಿನಲ್ಲಿ ಲೆಕ್ಕ ತಿರುಗಿಬಿತ್ತು: ಅವರು ಹಗುರ ಕೆಲಸದವರಿಗಿಂತ ಹೆಚ್ಚು ತಿನ್ನುತ್ತಿದ್ದರು, ತೂಕವೂ ಹೆಚ್ಚು. ಒಂದೇ ಗಿರಣಿ, ಹಳೆಯ ಕಾಲ. ಕೂತು ಕೆಲಸ ಮಾಡುವವರು ಕೂಲಿಗಳಿಗಿಂತ ಉಳ್ಳವರೂ ಆಗಿದ್ದಿರಬಹುದು. ಅದೇ ಕೊನೆಯ ಮಾತು ಎಂದು ನಾನು ಹೇಳುವುದಿಲ್ಲ. ಆದರೆ ಮೈ ತೀರಾ ಅಲುಗಾಡದಿದ್ದರೆ ಹಸಿವು ಸುಳ್ಳು ಹೇಳತೊಡಗುತ್ತದೆ ಎಂಬುದನ್ನು ನನ್ನ ಕೋಣೆಯಲ್ಲಿ ದಿನವೂ ನೋಡುತ್ತೇನೆ. ನಡೆಯಿರಿ ಎಂದು ನಾನು ಹೇಳುವುದು ಆ ಕಾರಣಕ್ಕೆ. ದೋಸೆ ಕರಗಿಸುವುದಕ್ಕೆ ನಡಿಗೆ ಬಹಳ ದುಬಾರಿ ದಾರಿ. ಹೊಟ್ಟೆ ಬೇಕು ಎಂದಾಗ, ಸಾಕು ಎಂದಾಗ ಅದರ ಮಾತನ್ನು ನಂಬುವಂತಾಗಬೇಕು, ಅಷ್ಟೆ.

ಮೂರು ತಿಂಗಳಲ್ಲಿ ಅವರ ತೂಕ ಎರಡು ಕಿಲೋ ಇಳಿಯಿತು. ಗೆಳತಿಗೆ ಇದು ಸಾಲದು. ನಡುಕ ಮತ್ತೆ ಬರಲಿಲ್ಲ. ಹಪ್ಪಳದ ಡಬ್ಬಿ ಆಗಾಗ ಬರಿದಾಗುತ್ತದೆ ಎಂದು ಹೆಂಡತಿ ಹೇಳಿದರು, ಆದರೆ ಬೆಳಗ್ಗೆ ತೊಳೆಯಲು ಒಂದು ತಟ್ಟೆ ಇರುತ್ತದಂತೆ. ದೋಸೆ ಭಾನುವಾರಗಳಂದು ಮುಂದುವರಿದಿದೆ. ನಾನು ಅದರ ಬಗ್ಗೆ ಕೇಳಲು ಹೋಗಿಲ್ಲ.

ಮರುವರ್ಷ ಜುಲೈನಲ್ಲಿ, ತುಂಗೆ ತುಂಬಿ ಹರಿಯುತ್ತಿದ್ದ ದಿನ, ನಾಲ್ಕು ಗಂಟೆಗೆ ಅವರ ಫೋನ್ ಬಂತು.

"ಒಂದು ವಾರದಿಂದ ಬಿಟ್ಟೂಬಿಡದ ಮಳೆ ಮೇಡಂ. ಇವತ್ತು ವರಾಂಡದಲ್ಲೂ ನಡೆಯಲಿಲ್ಲ, ಇರಚಲು."

"ಊಟ?"

"ಆಯಿತು. ಒಂದೂಕಾಲಿಗೆ."

"ಕೂತು?"

ಸ್ವಲ್ಪ ತಡೆದು, "ಕೂತೇ" ಎಂದರು.