ಅಲೆ ಚಿಕ್ಕದಾಗುತ್ತದೆ, ಮರಳು ಆಗುವುದಿಲ್ಲ

ಪ್ರಿಯ ಓದುಗರೇ,

ಅಲೆಗಳು ಮರಳಿನ ತೀರವನ್ನು ಹೇಗೆ ಬದಲಿಸುತ್ತವೆ ಎಂದು ತಿಳಿಯಲು 300 ಮೀಟರ್ ಉದ್ದದ ಕಾಂಕ್ರೀಟ್ ತೊಟ್ಟಿಗಳಿವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. "ಸಮುದ್ರವೇ ಇರುವಾಗ ತೊಟ್ಟಿ ಯಾಕೆ? ಬೇಕೇ ಬೇಕು ಅಂದರೆ ಚಿಕ್ಕದೊಂದು ಸಾಲದೇ?" ಎಂದು ಕೇಳಿದ್ದೀರಿ. ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ವಿಷಯದ ತಿರುಳು ಅಲ್ಲೇ ಇದೆ.

ಅಲೆಯನ್ನು ಚಿಕ್ಕದು ಮಾಡುವುದು ಕಷ್ಟವಲ್ಲ. ಎಲ್ಲವನ್ನೂ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ, 10 ಸೆಕೆಂಡಿಗೊಮ್ಮೆ ಬರುವ ಅಲೆಯನ್ನು ಸುಮಾರು 3 ಸೆಕೆಂಡಿಗೊಮ್ಮೆ ಎಬ್ಬಿಸಿದರಾಯಿತು. ತೊಂದರೆ ಇರುವುದು ಮರಳಿನದು. 0.2 ಮಿಲಿಮೀಟರಿನ ಕಾಳನ್ನು ಹಾಗೇ ಇಳಿಸಿದರೆ 0.02 ಮಿಲಿಮೀಟರ್ ಆಗುತ್ತದೆ. ಅದು ಮರಳೇ ಅಲ್ಲ, ನುಣ್ಣನೆಯ ಹೂಳು. ಬೇಗ ತಳ ಸೇರುವುದಿಲ್ಲ, ಒಂದಕ್ಕೊಂದು ಅಂಟಿಕೊಳ್ಳಲೂ ಶುರುವಾಗುತ್ತದೆ. ಮರಳನ್ನು ಹಾಗೇ ಬಿಟ್ಟು ಅಲೆಯನ್ನಷ್ಟೇ ಇಳಿಸಿದರೆ ಕಾಳುಗಳು ಆ ಅಲೆಗೆ ಭಾರವಾಗುತ್ತವೆ. ತೀರ ಕೊರೆದುಹೋಗುತ್ತದೋ ಬೆಳೆಯುತ್ತದೋ ಎಂಬುದು ಬಹುಮಟ್ಟಿಗೆ ಅಲೆಯ ಎತ್ತರ, ಅದರ ಅವಧಿ (ಎಷ್ಟು ಸೆಕೆಂಡಿಗೊಮ್ಮೆ ಬರುತ್ತದೆ ಎಂಬುದು) ಮತ್ತು ಕಾಳು ನೀರಿನಲ್ಲಿ ಇಳಿಯುವ ವೇಗ ಇವುಗಳ ಲೆಕ್ಕ. ಆ ಲೆಕ್ಕ ಕೆಟ್ಟರೆ ಪ್ರಯೋಗವೂ ಕೆಟ್ಟಂತೆ. ನಿಜವಾದ ಮರಳಿಗೆ ಹೆಚ್ಚುಕಡಿಮೆ ನಿಜವಾದ ಅಲೆಯೇ ಬೇಕು.

ಅದಕ್ಕೇ ನೆದರ್ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿರುವ ಡೆಲ್ಟಾ ಫ್ಲೂಮ್ ಎಂಬ ಅಲೆ ತೊಟ್ಟಿ 300 ಮೀಟರ್ ಉದ್ದ, 5 ಮೀಟರ್ ಅಗಲ, 9.5 ಮೀಟರ್ ಆಳ ಇದೆ. ಒಂದು ತುದಿಯ ದೊಡ್ಡ ಹಲಗೆ ಹಿಂದೆ ಮುಂದೆ ತಳ್ಳಿ ಅಲೆ ಎಬ್ಬಿಸುತ್ತದೆ. ಇನ್ನೊಂದು ತುದಿಯಲ್ಲಿ ಮರಳಿನ ತೀರ.

ಇನ್ನು ಸಮುದ್ರದ ಮಾತು. ಬಿರುಗಾಳಿ ಹೇಳಿ ಕೇಳಿ ಬರುವುದಿಲ್ಲ. ಬಂದಾಗ ಉಪಕರಣಗಳನ್ನೇ ಹೂತುಬಿಡುತ್ತದೆ. ತೊಟ್ಟಿಯಲ್ಲಿ ಅದೇ ಬಿರುಗಾಳಿಯನ್ನು ಮತ್ತೆ ಮತ್ತೆ ತರಬಹುದು, ಮಧ್ಯೆ ನಿಲ್ಲಿಸಿ ಮರಳು ಎಲ್ಲಿ ಹೋಯಿತು ಎಂದು ಅಳೆಯಬಹುದು.

ಹಾಗೆ ಅಳೆದಾಗ ಕಾಣುವುದು ನನಗೆ ತುಂಬಾ ಇಷ್ಟ. ದೊಡ್ಡ ಅಲೆಗಳು ಒಡೆದು ದಡದತ್ತ ತಳ್ಳಿದ ನೀರು ತಳದ ಹತ್ತಿರ ವಾಪಸ್ ಹರಿಯುತ್ತದೆ, ಮರಳನ್ನೂ ಎಳೆದೊಯ್ಯುತ್ತದೆ. ಆ ಮರಳು ದೂರ ಹೋಗಿಬಿಡುವುದಿಲ್ಲ. ಅಲೆ ಒಡೆಯುವ ಜಾಗದ ಸುತ್ತ ನೀರಿನಡಿ ದಿಬ್ಬವಾಗುತ್ತದೆ. ಆಮೇಲೆ ಬರುವ ದೊಡ್ಡ ಅಲೆಗಳು ಆ ದಿಬ್ಬದ ಮೇಲೇ ಒಡೆದು ಬಲ ಕಳೆದುಕೊಳ್ಳುತ್ತವೆ. ಅಂದರೆ ತೀರ ತನ್ನ ಮರಳಿನಿಂದಲೇ ತನ್ನನ್ನು ಕಾಯ್ದುಕೊಳ್ಳುತ್ತದೆ, ಅಲ್ವಾ? ಗಾಳಿ ಇಳಿದ ಮೇಲೆ ಬರುವ ಕಡಿಮೆ ಎತ್ತರದ ಅಲೆಗಳ ನೆತ್ತಿಯಡಿ ನೀರು ದಡದ ಕಡೆಗೆ ಸ್ವಲ್ಪ ಹೊತ್ತು, ಆದರೆ ಜೋರಾಗಿ ಹರಿಯುತ್ತದೆ. ಎರಡು ನೆತ್ತಿಗಳ ನಡುವಿನ ತಗ್ಗಿನಡಿ ವಾಪಸ್ ಹರಿಯುವುದು ಜಾಸ್ತಿ ಹೊತ್ತು, ಆದರೆ ಮೆಲ್ಲಗೆ. ಹೀಗಾಗಿ ಮರಳು ಚೂರುಚೂರೇ ದಡಕ್ಕೆ ಮರಳುತ್ತದೆ. ಕೊರೆತಕ್ಕೆ ಕೆಲವೇ ಗಂಟೆ ಸಾಕು, ಚೇತರಿಕೆಗೆ ವಾರ, ತಿಂಗಳುಗಳೇ ಬೇಕು. ಬಿರುಗಾಳಿಯ ಮರುದಿನವೇ ತೀರ ಹೋಯಿತೆಂದು ತೀರ್ಮಾನಿಸಿ ಬಂಡೆ ಸುರಿಯಲು ಹೊರಡುವುದು ತಪ್ಪು ಎಂದು ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಮುಂದೆ ಬರಲಿರುವುದನ್ನೂ, ಅಂದರೆ ಸಮುದ್ರ ಮಟ್ಟದ ಏರಿಕೆಯನ್ನೂ, ತೊಟ್ಟಿಯಲ್ಲಿ ನೋಡಬಹುದು. 2017ರಲ್ಲಿ ಜರ್ಮನಿಯ ಹ್ಯಾನೋವರ್‌ನ ದೊಡ್ಡ ತೊಟ್ಟಿಯಲ್ಲಿ ನೀರಿನ ಮಟ್ಟವನ್ನು ಹಂತಹಂತವಾಗಿ ಏರಿಸಿ, ಬರೀ ಮರಳಿನ ತೀರವನ್ನೂ ಗುಂಡುಕಲ್ಲಿನ ದಿಬ್ಬವಿರುವ ತೀರವನ್ನೂ ಹೋಲಿಸಿ ನೋಡಿದರು.

ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ. ತೊಟ್ಟಿಯಲ್ಲಿ ಅಲೆ ನೇರವಾಗಿಯೇ ಬರುತ್ತದೆ. ಸಮುದ್ರದಲ್ಲಿ ಓರೆಯಾಗಿ ಬಂದು ಮರಳನ್ನು ದಡದುದ್ದಕ್ಕೂ ಸಾಗಿಸುತ್ತದೆ. ಒಂದು ಕಡೆ ಗೋಡೆ ಕಟ್ಟಿ ಆ ಮರಳನ್ನು ತಡೆದರೆ ಪಕ್ಕದ ತೀರ ಸವೆಯುವುದು ಹೀಗೇ. ಅದನ್ನು ಬಹುಮಟ್ಟಿಗೆ ಸಮುದ್ರದಲ್ಲೇ ಅಳೆಯಬೇಕು. ಆ ಕೆಲಸದ ಬಗ್ಗೆ ಮುಂದೊಂದು ಲೇಖನ ತರುತ್ತೇವೆ.

– ಸಂಪಾದಕ