ಮೊದಲ ಪಂದ್ಯದ ಸೋಲು ಮತ್ತು 2007ರ ಮಿಷಿಗನ್ ತಂಡ

ನಮಸ್ಕಾರ. ಅಮೆರಿಕದ ಕಾಲೇಜು ಮಟ್ಟದ ಅಮೆರಿಕನ್ ಫುಟ್‌ಬಾಲ್‌ನಲ್ಲಿ, 2007ರ ಋತುವಿನ ಮೊದಲ ಪಂದ್ಯದಲ್ಲೇ ಅಪಲಾಚಿಯನ್ ಸ್ಟೇಟ್ ಎದುರು 34-32ರಿಂದ ಸೋತ ಮಿಷಿಗನ್ ತಂಡ ನಿಜಕ್ಕೂ ಅಷ್ಟು ದುರ್ಬಲವಾಗಿತ್ತೇ ಎಂದು ತಾವು ಕೇಳಿದ್ದೀರಿ. ಇಲ್ಲ ಎಂಬುದೇ ನನ್ನ ದೃಢವಾದ ಅಭಿಪ್ರಾಯ.

ದೇಶದಲ್ಲಿ 5ನೇ ಶ್ರೇಯಾಂಕ ಪಡೆದಿದ್ದ ಮಿಷಿಗನ್, ಸೆಪ್ಟೆಂಬರ್ 1ರಂದು ತನ್ನದೇ ಕ್ರೀಡಾಂಗಣದಲ್ಲಿ, ಕೆಳಗಿನ ವಿಭಾಗದ ತಂಡವೊಂದರ ಎದುರು ಮಧ್ಯಂತರದ ಹೊತ್ತಿಗೆ 28-17ರಿಂದ ಹಿಂದಿತ್ತು. ಎದುರಾಳಿಗಳು ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸುತ್ತಿದ್ದರು. ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ಮುನ್ನಡೆಸುವ ಆಟಗಾರ) ಅರ್ಮಾಂಟಿ ಎಡ್ವರ್ಡ್ಸ್ ಚೆಂಡನ್ನು ಎಸೆಯುವನೋ, ಹಿಡಿದು ಓಡುವನೋ ಎಂದು ಊಹಿಸಲಾಗದೆ ಮಿಷಿಗನ್ನಿನ ರಕ್ಷಣಾ ಪಡೆ ತಡವರಿಸಿತು. ಆದರೂ ಕೊನೆಯ ಭಾಗದಲ್ಲಿ ಮೈಕ್ ಹಾರ್ಟ್ 54 ಗಜ ಓಡಿ ತಂಡಕ್ಕೆ 32-31ರ ಮುನ್ನಡೆ ತಂದುಕೊಟ್ಟರು. ಎರಡು ಟಚ್‌ಡೌನ್‌ಗಳ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆಯುವ ಆರು ಅಂಕ) ಬಳಿಕ ಮಿಷಿಗನ್ ಒಂದು ಅಂಕದ ಸುಲಭ ಒದೆತವನ್ನು ಬಿಟ್ಟು ಎರಡು ಅಂಕಗಳಿಗೆ ಯತ್ನಿಸಿ ಎರಡೂ ಬಾರಿ ವಿಫಲವಾಯಿತು ಎಂಬುದನ್ನು ಗಮನಿಸಿ. ಸೋಲಿನ ಅಂತರವೂ ಎರಡೇ ಅಂಕ. ಮಿಷಿಗನ್ನಿನ ಕೊನೆಯ ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಪಡೆಯುವ ಮೂರು ಅಂಕ) ಯತ್ನವನ್ನು ಅಪಲಾಚಿಯನ್ ಸ್ಟೇಟ್‌ನ ಕೋರಿ ಲಿಂಚ್ ತಡೆದುದನ್ನು ಎಲ್ಲರೂ ನೆನೆಯುತ್ತಾರೆ, ಈ ಲೆಕ್ಕವನ್ನು ಮಾತ್ರ ಮರೆಯುತ್ತಾರೆ.

ಅಪಲಾಚಿಯನ್ ಸ್ಟೇಟ್ 2005 ಮತ್ತು 2006ರಲ್ಲಿ ತನ್ನ ವಿಭಾಗದ ಚಾಂಪಿಯನ್ ಆಗಿತ್ತೆಂಬುದನ್ನೂ ಕಡೆಗಣಿಸಬಾರದು. ಮಿಷಿಗನ್ ಮರುವಾರ ಆರೆಗನ್‌ಗೂ 39-7ರಿಂದ ಸೋತು, ಬಳಿಕ ಸತತ ಎಂಟು ಪಂದ್ಯ ಗೆದ್ದು, ಋತುವಿನ ಕೊನೆಗೆ ಆಯ್ದ ತಂಡಗಳು ಆಡುವ ಬೌಲ್ ಪಂದ್ಯದಲ್ಲಿ ಫ್ಲಾರಿಡಾವನ್ನು 41-35ರಿಂದ ಮಣಿಸಿತು.