ಕ್ಯಾಮೆರಾ ಕೇಳುವವರ ಕಡೆಗಿರಲಿ

ಮದುವೆಯಲ್ಲಿ ಭಾಷಣ ನಡೆಯುವಾಗ ಯಾರೋ ತಟ್ಟನೆ ನಗುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಕ್ಯಾಮೆರಾ ತಿರುಗಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಅಂದಿದ್ದೀರಿ. ಲೆನ್ಸ್ ಬದಲಾಯಿಸಬೇಕಾ ಅಂತಲೂ ಕೇಳಿದ್ದೀರಿ. ಬೇಡ. ತೊಂದರೆ ಲೆನ್ಸಿನದಲ್ಲ, ನೀವು ನೋಡುತ್ತಿರುವ ದಿಕ್ಕಿನದು.

ಮಾತಾಡುವವರ ಫೋಟೋ ಮೊದಲ ನಿಮಿಷದಲ್ಲೇ ನಾಲ್ಕೈದು ತೆಗೆದುಬಿಡಿ. ಸ್ವಲ್ಪ ಪಕ್ಕದಿಂದ ತೆಗೆಯಿರಿ, ಇಲ್ಲದಿದ್ದರೆ ಮೈಕ್ ಬಾಯಿಗೆ ಅಡ್ಡ ಬರುತ್ತದೆ. ಆಮೇಲೆ ಕ್ಯಾಮೆರಾ ಕೇಳುವವರ ಕಡೆ, ಕಿವಿ ಮಾತ್ರ ಭಾಷಣದ ಕಡೆ. "ಒಂದು ಸಲ ಏನಾಯ್ತು ಅಂದ್ರೆ..." ಅಂತ ಶುರುವಾಯಿತೋ, ನಗು ಬರುತ್ತಿದೆ ಅಂತಲೇ ಲೆಕ್ಕ. ಆಗಲೇ ಮದುಮಗಳ ಕಣ್ಣಿಗೆ ಫೋಕಸ್ ಇಟ್ಟು ಕಾಯಿರಿ. ದನಿ ತಗ್ಗಿ ಮಾತು ನಡುವೆ ನಿಂತರೆ ಅಪ್ಪ ಅಮ್ಮನ ಕಡೆ ತಿರುಗಿ. ನಗು ನಿಂತ ಮೇಲೂ ಕ್ಯಾಮೆರಾ ಇಳಿಸಬೇಡಿ. ಮದುಮಗ ನಾಚಿ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ಹೆಂಡತಿಯನ್ನು ಇಣುಕಿ ನೋಡುವುದು ಆಗಲೇ.

ಸೆಟ್ಟಿಂಗ್ ಬಗ್ಗೆ ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಶಟರ್ ವೇಗ 1/250 ಸೆಕೆಂಡ್, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಎಫ್/2.8, ಆಟೋ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ರವರೆಗೆ. ಗ್ರೇನ್, ಅಂದರೆ ಫೋಟೋದಲ್ಲಿ ಸಣ್ಣ ಸಣ್ಣ ಚುಕ್ಕೆ, ಬಂದರೆ ನಡೆಯುತ್ತದೆ, ಅಲ್ಲಾಡಿದ ಮುಖ ನಡೆಯುವುದಿಲ್ಲ ಅಲ್ವಾ? ಸದ್ದಿಲ್ಲದೆ ಫೋಟೋ ತೆಗೆಯುವ ಸೈಲೆಂಟ್ ಶಟರ್ ಒಳ್ಳೆಯದೇ, ಆದರೆ ಕೆಲವು ಎಲ್‌ಇಡಿ ದೀಪಗಳ ಕೆಳಗೆ ಫೋಟೋದಲ್ಲಿ ಅಡ್ಡಪಟ್ಟೆ ಬೀಳುತ್ತವೆ. ಮೊದಲೇ ಒಂದೆರಡು ತೆಗೆದು ನೋಡಿ.

ಇನ್ನೊಂದು, ತೆಗೆದದ್ದನ್ನು ಅಲ್ಲೇ ಸ್ಕ್ರೀನಿನಲ್ಲಿ ನೋಡುತ್ತಾ ನಿಲ್ಲಬೇಡಿ. ನಾನೊಮ್ಮೆ ಹಾಗೆ ನಿಂತಿದ್ದೆ. ತಲೆ ಎತ್ತುವಷ್ಟರಲ್ಲಿ ಅಜ್ಜಿ ಎದ್ದು ಹೋಗಿ ಮೈಕ್ ಕಿತ್ತುಕೊಂಡಾಗಿತ್ತು!